ಕತ್ತಿಯಕ್ಕನ ಎರಡು ಗಂಟೆ

ಕತ್ತಿಯಕ್ಕನಿಗೆ ಎರಡು ಗಂಟೆಯ ಕೂಲಿ ಇನ್ನೂ ಬರಬೇಕು. ಗಡಿಯಾರ ನೋಡಿದರೆ ಒಂದು ಗಂಟೆ ನಲವತ್ತು ನಿಮಿಷ. ಆದರೆ ಅವಳು ಕೆಲಸ ಮಾಡುವ ಕಡೆ ಗಂಟೆ ಮುರಿದರೂ ಪೂರ್ತಿ ಗಂಟೆಯ ಲೆಕ್ಕ. ಹಾಗಂತ ಕಾಗದದ ಮೇಲೆ ಬರೆಸಿಕೊಳ್ಳಲು ಅಲ್ಲಿಯ ಕೆಲಸದವರು ಹತ್ತೊಂಬತ್ತು ದಿನ ಕಾರ್ಖಾನೆಯ ಗೇಟಿನ ಮುಂದೆ ಕೂತಿದ್ದಾರೆ, ಮೂರು ಸಲ ಲಾಠಿ ಏಟು ತಿಂದಿದ್ದಾರೆ, ಇಬ್ಬರು ಕೆಲಸ ಕಳಕೊಂಡಿದ್ದಾರೆ. ಹಾಗಾಗಿ ಎರಡು ಗಂಟೆ. ಇಪ್ಪತ್ತು ನಿಮಿಷ ಬಿಟ್ಟುಕೊಡು ಅಂದರೆ ಅವಳು ಬಿಡುವುದಿಲ್ಲ, ಬಿಡಲೂಬಾರದು.

ಕೊಡಬೇಕಾದವನು ಒಬ್ಬ ಹೋಟೆಲ್ ಮಾಲೀಕ. ಅವನ ಹೋಟೆಲಿನಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಮೊಸರು ಬೆಣ್ಣೆ ಏನೂ ಇಲ್ಲ, ಜೇನುತುಪ್ಪವೂ ಇಲ್ಲ. ಗಿಡದಿಂದ ಬಂದದ್ದು ಮಾತ್ರ. ಬಾಗಿಲ ಮೇಲೆ ಹಸಿರು ಅಕ್ಷರದಲ್ಲಿ 'ಇಲ್ಲಿ ಯಾರಿಗೂ ನೋವಿಲ್ಲ' ಅಂತ ಬರೆಸಿದ್ದಾನೆ.

ಕತ್ತಿಯಕ್ಕ ಅನ್ನುವುದು ಜೊತೆಗೆ ದುಡಿಯುವವರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ, ಅದರಲ್ಲೂ ಒಂದು ಅಕ್ಷರ ತಪ್ಪು. ಮಾಂಸ ಕೊಯ್ದು ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಕಳಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಕೊಯ್ಯುವ ಬೆಂಚಿನ ಮುಂದೆ ನಿಂತಿದ್ದಾಳೆ. ನಿಂತಿದ್ದಾಳೆ ಅಂದರೆ ನಿಂತೇ ಇದ್ದಾಳೆ, ಆ ಕೋಣೆಯಲ್ಲಿ ಕುರ್ಚಿ ಅನ್ನುವುದೇ ಇಲ್ಲ. ಹೊರಗೆ ರಸ್ತೆಯ ಟಾರು ಕರಗುವ ಬಿಸಿಲಿದ್ದರೂ ಒಳಗೆ ಎರಡು ಸ್ವೆಟರ್ ಬೇಕು. ಎಡಗೈಯ ಕಿರುಬೆರಳಿಗೆ ತುದಿಯಿಲ್ಲ. ಏನಾಯ್ತು ಅಂತ ಯಾರಾದರೂ ಕೇಳಿದರೆ, "ಪೊಟ್ಟಣದಲ್ಲಿ ಹೋಯ್ತು, ಯಾರಿಗೋ ತೂಕ ಜಾಸ್ತಿ ಬಂತು," ಅಂದು ಅವರ ಮುಖ ಹುಳ್ಳಗಾಗುವುದನ್ನು ನೋಡುತ್ತಾಳೆ.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವಳು ಮೊದಲು ಕಲಿಸುವುದು ಕತ್ತಿ ಹಿಡಿಯುವುದನ್ನಲ್ಲ, ಹೆಬ್ಬೆರಳು ಇಡುವುದನ್ನು. ತುಂಡಿನ ಮೇಲೆ ಹೆಬ್ಬೆರಳು ಎಳೆದು ಅದರ ಎಳೆ ಯಾವ ಕಡೆಗೆ ಓಡಿದೆ ಅಂತ ನೋಡಬೇಕು. ಆಮೇಲೆ ಆ ಎಳೆಗೆ ಅಡ್ಡಲಾಗಿ ಕೊಯ್ಯಬೇಕು. ಎಳೆಯ ಉದ್ದಕ್ಕೇ ಕೊಯ್ದುಬಿಟ್ಟರೆ ತಿನ್ನುವವನ ಬಾಯಿಗೆ ಹಗ್ಗ ತುರುಕಿದ ಹಾಗೆ. ಎಷ್ಟೇ ಬೇಯಿಸಲಿ, ಎಂಥ ಮಸಾಲೆ ಸುರಿಯಲಿ, ಅಗಿದು ಅಗಿದು ದವಡೆ ಬಿದ್ದುಹೋಗಬೇಕೇ ಹೊರತು ಗಂಟಲಿಗಿಳಿಯುವುದಿಲ್ಲ.

ಬೆಂಚಿಗೆ ಇನ್ನೆರಡು ರೂಢಿಗಳಿವೆ. ಒಂದು, ಬೇರೆಯವರ ಬೆಂಚಿಗೆ ಹೋದಾಗ ನಿನ್ನ ಕತ್ತಿ ತೆಗೆಯಬಾರದು. ಅಲ್ಲಿಯ ಕೆಲಸ ಅಲ್ಲಿಯ ಕತ್ತಿಯಲ್ಲೇ ಆಗಬೇಕು. ಇನ್ನೊಂದು, ಬೆಂಚಿನವರ ಮನೆಯಲ್ಲಿ ಯಾರದಾದರೂ ಮದುವೆ ಅಂತಾದರೆ, ಸವೆದ ಉದ್ದ ಕತ್ತಿಯೊಂದನ್ನು ಕಲ್ಲಿಗೆ ಹಿಡಿದು, ಅಡುಗೆಮನೆಗೆ ಆಗುವಷ್ಟು ಚಿಕ್ಕದು ಮಾಡಿ, ಹೊಸ ಹಿಡಿ ಕೂರಿಸಿ, ಎಲ್ಲರೂ ಒಂದೊಂದು ಸುತ್ತು ಮಸೆದು ಉಡುಗೊರೆ ಕೊಡಬೇಕು. ಹಾಗೆ ಕೊಟ್ಟ ಕತ್ತಿ ಇಪ್ಪತ್ತು ವರ್ಷ ಬಾಳುತ್ತದೆ. ಕೆಲವು ಮದುವೆಗಳು ಅಷ್ಟು ಬಾಳಿಲ್ಲ.

ಈ ಸಲ ಮದುವೆ ಕತ್ತಿಯಕ್ಕನ ತಂಗಿಯ ಮಗಳದು. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಅನ್ನುತ್ತಾರೆ. ತಂಗಿ ಆಗ ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು, ಅವಳ ಗಂಡ ಲಾರಿ ಓಡಿಸುತ್ತ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದ. ಹೀಗಾಗಿ ಆರು ತಿಂಗಳ ಕೂಸಾಗಿದ್ದಾಗಿನಿಂದ ಏಳು ವರ್ಷದವರೆಗೆ ಗುಬ್ಬಿ ಬೆಳೆದದ್ದು ಕತ್ತಿಯಕ್ಕನ ಒಂದು ಕೋಣೆಯ ಮನೆಯಲ್ಲಿ, ಅವಳ ಪಕ್ಕದಲ್ಲೇ ಮಲಗಿ. ಕತ್ತಿಯಕ್ಕ ಮದುವೆಯಾಗಲಿಲ್ಲ. ಯಾಕೆ ಅಂದರೆ, "ಪುರುಸೊತ್ತು ಸಿಗಲಿಲ್ಲ," ಅನ್ನುತ್ತಾಳೆ, ಅಲ್ಲಿಗೆ ಆ ಮಾತು ಮುಗಿಯುತ್ತದೆ. ಐದು ವರ್ಷದ ಗುಬ್ಬಿ ಕಾರ್ಖಾನೆಯ ಗಾಜಿನ ಕಿಟಕಿಗೆ ಮೂಗು ಒತ್ತಿ ನಿಂತು, ಹೋಗುವವರಿಗೆ ಬರುವವರಿಗೆಲ್ಲ, "ಅಲ್ಲಿ ನೋಡಿ, ದೊಡ್ಡ ಕತ್ತಿ ಹಿಡ್ಕೊಂಡಿದಾಳಲ್ಲ, ಅವಳೇ ನಮ್ಮ ದೊಡ್ಡಮ್ಮ," ಅಂತ ಹೇಳುತ್ತಿದ್ದಳು. ಈಗ ಅವಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತಾಳೆ. ಹುಡುಗ ಔಷಧಿ ಅಂಗಡಿಯಲ್ಲಿದ್ದಾನೆ. ಅವನ ಮನೆಯವರು ಪ್ರಾಣಿಯಿಂದ ಬಂದದ್ದು ಏನನ್ನೂ ಮುಟ್ಟುವುದಿಲ್ಲ.

ಈ ಸಂಗತಿ ಕೇಳಿದ ದಿನವೇ ಕತ್ತಿಯಕ್ಕ ಬೆಂಚಿನವರ ಜೊತೆ ಜಗಳ ತೆಗೆದಿದ್ದಳು. ಮಾಂಸ ಕೊಯ್ದ ಕತ್ತಿಯನ್ನು ಆ ಮನೆಗೆ ಕೊಡುವುದು ಸರಿಯಲ್ಲ, ಹೊಸ ಅಲಗು ತಂದು ಮಾಡೋಣ ಅಂತ ಅವಳ ವಾದ. ಸವೆದ ಕತ್ತಿ ಅಲ್ಲದಿದ್ದರೆ ಅದು ಬೆಂಚಿನ ಉಡುಗೊರೆ ಹೇಗಾಗುತ್ತೆ, ಅಂಗಡಿಯಲ್ಲೇ ಒಂದು ಕೊಂಡುಕೊಡು ಹೋಗು ಅಂತ ಅವರ ವಾದ. ಎರಡು ದಿನ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳೇ ಗೆದ್ದಳು. ಹೊಸ ಅಲಗು ಬಂತು, ಹದಿನೇಳು ಜನ ಒಂದೊಂದು ಸುತ್ತು ಮಸೆದರು, ಆ ಕತ್ತಿಗೆ ಒಂದು ತುಣುಕು ಮಾಂಸವನ್ನೂ ಸೋಕಿಸಲಿಲ್ಲ. ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಕೈಚೀಲದ ತಳಕ್ಕಿಟ್ಟುಕೊಂಡು, ಆರು ಗಂಟೆ ಹೊತ್ತು ಬಸ್ಸಿನಲ್ಲಿ ಕೂತು ಕತ್ತಿಯಕ್ಕ ತಂಗಿಯ ಮನೆಗೆ ಬಂದಳು. ಆ ಮಧ್ಯಾಹ್ನ ಎರಡೂ ಮನೆಯವರಿಗೆ ಆ ಹಸಿರು ಅಕ್ಷರದ ಹೋಟೆಲಿನಲ್ಲಿ ಒಟ್ಟಿಗೆ ಊಟ. ಬೀಗರ ಎದುರಿಗೆ, ಊಟದ ಹೊತ್ತಿನಲ್ಲಿ, ತನ್ನ ಕೈಯಿಂದಲೇ ಗುಬ್ಬಿಯ ಕೈಗೆ ಕೊಡಬೇಕು. ಇದು ಬೆಂಚಿನಿಂದ ಅಂತ ಹೇಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮನೆಯ ಹೊಸ್ತಿಲು ದಾಟುವ ಮೊದಲೇ ತಂಗಿ ಶುರು ಮಾಡಿದಳು.

"ಅಕ್ಕಾ, ಕೈ ತೊಳ್ಕೊ."

"ತೊಳ್ಕೊಂಡೆ."

"ಇನ್ನೊಂದ್ಸಲ ತೊಳ್ಕೊ. ನಿಂಬೆಹಣ್ಣು ಹೆಚ್ಚಿಟ್ಟಿದೀನಿ ನೋಡು, ಚೆನ್ನಾಗಿ ಉಜ್ಜು."

"ನಾಲ್ಕು ದಿನದಿಂದ ರಜೆಲಿದೀನಿ ಕಣೇ. ಬಸ್ಸಿನ ಕಂಬಿ ವಾಸನೆ ಇರಬೇಕು ಅದು."

"ಯಾವುದಾದ್ರೂ ಆಗ್ಲಿ. ಉಜ್ಜು."

ಉಜ್ಜಿದಳು. ಮೂರು ಸಲ. ಆಮೇಲೆ ತಂಗಿ ಇಸ್ತ್ರಿಪೆಟ್ಟಿಗೆ ಹಿಡಿದು, ಅಕ್ಕನ ಮುಖ ನೋಡದೆ, ಬಟ್ಟೆಯ ಜೊತೆ ಮಾತಾಡುತ್ತಿರುವವಳ ಹಾಗೆ ಅಂದಳು: "ಅವರು ಏನ್ ಕೆಲಸ ಅಂತ ಕೇಳಿದ್ರೆ, ಆಹಾರದ ಕಾರ್ಖಾನೆ ಅಂತ ಹೇಳಿಬಿಡು. ಸುಳ್ಳೇನಲ್ವಲ್ಲ."

"ಯಾವ ಆಹಾರ ಅಂದ್ರೆ?"

"ಅಷ್ಟೆಲ್ಲಾ ಯಾರು ಕೇಳ್ತಾರೆ? ಅವರು ಮರ್ಯಾದಸ್ಥರು."

"ಅಂದ್ರೆ ಕೇಳೋರು ಮರ್ಯಾದೆ ಇಲ್ದೋರಾ, ಹೇಳೋರು ಮರ್ಯಾದೆ ಇಲ್ದೋರಾ?"

"ಅಕ್ಕಾ, ಬೆಳಗ್ಗೆ ಬೆಳಗ್ಗೇನೇ ಮುಷ್ಕರ ಶುರು ಮಾಡ್ಬೇಡ. ಚೀಲದಲ್ಲಿರೋ ಆ ಬಟ್ಟೆ ಗಂಟಲ್ಲಿ ಏನಿದೆ?"

"ಗುಬ್ಬಿಗೆ. ಬೆಂಚಿಂದ."

ತಂಗಿಗೆ ಆ ರೂಢಿ ಗೊತ್ತು. ಅವಳ ಮದುವೆಗೆ ಬಂದ ಕತ್ತಿ ಈಗಲೂ ಅವಳ ಅಡುಗೆಮನೆಯಲ್ಲೇ ಇದೆ, ಅಕ್ಕನ ಕೈಗೆ ಉಜ್ಜಿಸಿದ ನಿಂಬೆಹಣ್ಣನ್ನು ಹೆಚ್ಚಿದ್ದೂ ಅದೇ. "ಬೀಗರ ಮುಂದೆ ಕತ್ತಿ ತೆಗೀತೀಯಾ? ನಿನ್ನ ದಮ್ಮಯ್ಯ ಅಕ್ಕಾ. ಅವರು ಹೋದ್ಮೇಲೆ ಕೊಡು, ಬೇಕಾದ್ರೆ ಎರಡು ಕೊಡು."

ಇದು ಹೊಸ ಅಲಗು ಕಣೇ, ಮಾಂಸ ಮುಟ್ಟಿಲ್ಲ ಅಂತ ಹೇಳಲು ಕತ್ತಿಯಕ್ಕ ಬಾಯಿ ತೆರೆದಳು. ತಂಗಿ ಆಗಲೇ ಒಳಕೋಣೆಗೆ ಹೋಗಿ ಬೀರು ಬಡಿಯುತ್ತಿದ್ದಳು. ಕೇಳಿದ್ದರೆ ಹೇಳುತ್ತಿದ್ದಳು. ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಗುಬ್ಬಿ ಕನ್ನಡಿಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದಳು. ಕತ್ತಿಯಕ್ಕನಿಗೆ ತಂಗಿಯ ಮಾತಿಗಿಂತ ಇದು ಹೆಚ್ಚು ಚುಚ್ಚಿತು. ಹೋಗಿ ಅವಳ ಹಿಂದೆ ನಿಂತಳು.

"ನೀನೇನಂತೀಯೇ?"

"ಒಂದೇ ಊಟ ದೊಡ್ಡಮ್ಮ. ಆಮೇಲೆ ನಾನೇ ಹೇಳ್ತೀನಿ ಅವರಿಗೆ."

"ಯಾವಾಗ?"

"ಸಮಯ ನೋಡ್ಕೊಂಡು."

ಕಾರ್ಖಾನೆಯ ಮ್ಯಾನೇಜರೂ ಮೂವತ್ತೊಂದು ವರ್ಷದಿಂದ ಇದನ್ನೇ ಹೇಳುತ್ತಿದ್ದಾನೆ, ಮಾತು ಕೂಡ ಇದೇ. ಗಂಟು ಕೈಚೀಲದ ತಳದಲ್ಲೇ ಉಳಿಯಿತು, ಕೈಚೀಲ ಹೆಗಲಲ್ಲಿ.

ಹೋಟೆಲು ಹಿಂದೆ ಯಾವುದೋ ಗೋದಾಮು ಆಗಿದ್ದಿರಬೇಕು. ಎತ್ತರದ ಮಾಡು, ಬಣ್ಣ ಕಾಣದ ಮರದ ಬೆಂಚುಗಳು, ಗೋಡೆಯ ತುಂಬ ನಗುವ ಹಸು, ನಗುವ ಕೋಳಿ, ನಗುವ ಮೀನು. ಮೂವತ್ತೊಂದು ವರ್ಷದಲ್ಲಿ ಕತ್ತಿಯಕ್ಕ ನಗುವ ಕೋಳಿಯನ್ನು ಕಂಡಿರಲಿಲ್ಲ. ರಜೆಯ ದಿನ, ಮಧ್ಯಾಹ್ನ ಹನ್ನೆರಡೂವರೆ, ಒಂದು ಮೇಜೂ ಖಾಲಿಯಿಲ್ಲ. ಹುಡುಗ ಮೊದಲೇ ಹೇಳಿಟ್ಟಿದ್ದರಿಂದ ಜಾಗ ಸಿಕ್ಕಿತು. ಹುಡುಗನ ಅಪ್ಪ ನಿವೃತ್ತ ಮೇಷ್ಟ್ರು, ತೆಳ್ಳಗೆ, ಕಟ್ಟಿಸಿದ ಹಲ್ಲು, ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುವವರು. ಅಮ್ಮ ಗಟ್ಟಿಗಿತ್ತಿ, ಕಡಿಮೆ ಮಾತು, ಎಲ್ಲರ ತಟ್ಟೆ ಎಲ್ಲರ ಮುಖ ಒಟ್ಟಿಗೇ ನೋಡುವ ಕಣ್ಣು.

ತಿಂಡಿಪಟ್ಟಿ ನೋಡಿ ಕತ್ತಿಯಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಕೋಳಿಯಲ್ಲದ ಕೋಳಿ. ಮೀನಲ್ಲದ ಮೀನು. ಮೊಟ್ಟೆಯಿಲ್ಲದ ಮೊಟ್ಟೆ. ಯಾವುದಕ್ಕೂ ಅದರದೇ ಹೆಸರಿಲ್ಲ.

"ಇದೇನಪ್ಪಾ," ಅಂತ ಪಕ್ಕದಲ್ಲಿ ಬಂದು ನಿಂತ ಮಾಲೀಕನನ್ನೇ ಕೇಳಿದಳು. ಎಳೆಯ ಪ್ರಾಯದವನು, ಕಲೆಯಿಲ್ಲದ ಏಪ್ರನ್ನು ಕಟ್ಟಿಕೊಂಡಿದ್ದ. "ಕಾಳಾದ್ರೆ ಕಾಳು ಅನ್ನಿ, ಸೊಪ್ಪಾದ್ರೆ ಸೊಪ್ಪು ಅನ್ನಿ. ಕಾಳಿಗೇನು ಹೆಸರಿಲ್ವಾ? ಅದೇನು ತಪ್ಪು ಮಾಡಿದೆ?"

"ಅದು ಅನುಭವ ಅಮ್ಮಾ," ಅಂದ ಮಾಲೀಕ. "ತಿಂದು ನೋಡಿ. ನಿಜವಾದ ಮಾಂಸಾನೇ ಅನ್ಸುತ್ತೆ. ಸೋಯಾ, ಗೋಧಿ ಎರಡನ್ನೂ ಸೇರಿಸಿ ಎಳೆ ಎಳೆಯಾಗಿ ಹೆಣೆದಿರ್ತೀವಿ. ಮಾಂಸ ತಿಂದು ಗೊತ್ತಿರೋರಿಗೂ ವ್ಯತ್ಯಾಸ ಗೊತ್ತಾಗಲ್ಲ."

ತಂಗಿ ಮೇಜಿನ ಕೆಳಗೆ ಅಕ್ಕನ ಪಾದ ತುಳಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ತಾವು ಏನು ಕೆಲಸ ಮಾಡಿಕೊಂಡಿದೀರಿ?"

ಕತ್ತಿಯಕ್ಕ ಗುಬ್ಬಿಯ ಕಡೆ ನೋಡಿದಳು. ಗುಬ್ಬಿ ನೀರಿನ ಲೋಟದಲ್ಲಿ ತೇಲುತ್ತಿದ್ದ ಸೌತೆಕಾಯಿ ಬಿಲ್ಲೆಯನ್ನು ನೋಡುತ್ತಿದ್ದಳು. ಅದರಲ್ಲಿ ಅಷ್ಟು ನೋಡುವಂಥದ್ದೇನಿರಲಿಲ್ಲ. ಅಷ್ಟರಲ್ಲಿ ತಂಗಿ ಬಾಯಿ ಹಾಕಿದಳು: "ಆಹಾರದ ಕಾರ್ಖಾನೇಲಿ. ಅಲ್ಲಿ ಮೇಲ್ವಿಚಾರಕಿ."

ಮೂವತ್ತೊಂದು ವರ್ಷ ಅರ್ಜಿ ಹಾಕಿ ಹಾಕಿ ಸಿಗದ ಬಡ್ತಿಯನ್ನು ತಂಗಿ ಒಂದೇ ಉಸಿರಿಗೆ ಕೊಟ್ಟುಬಿಟ್ಟಳು. ಸಂಬಳ ಮಾತ್ರ ಏರಲಿಲ್ಲ.

ಊಟ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಎಲ್ಲರಿಗೂ ಒಂದೊಂದು ದೊಡ್ಡ ಹೋಳು, ಕಂದು ಬಣ್ಣದ್ದು, ಮೇಲೆ ಎಣ್ಣೆ ಮಿರುಗುತ್ತಿತ್ತು. ವಾಸನೆ ಚೆನ್ನಾಗಿಯೇ ಇತ್ತು. ಬೇಯಿಸಿದವನು ಕೆಲಸ ಗೊತ್ತಿದ್ದವನು. ಕತ್ತಿಯಕ್ಕ ಒಂದು ತುಂಡು ಬಾಯಿಗಿಟ್ಟಳು. ಅಗಿದಳು. ಇನ್ನೂ ಅಗಿದಳು. ತುಂಡು ಹೇಗಿತ್ತೋ ಹಾಗೇ ಇತ್ತು.

ತಲೆಯೆತ್ತಿ ನೋಡಿದಳು. ಇಡೀ ಮೇಜು ಅಗಿಯುತ್ತಿದೆ. ಹುಡುಗ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಾನೆ. ತಂಗಿ ನಗುಮುಖ ಇಟ್ಟುಕೊಂಡೇ ಅಗಿಯುತ್ತಿದ್ದಾಳೆ, ಕಪಾಳದಲ್ಲಿ ನರ ಎದ್ದಿದೆ. ಮೇಷ್ಟ್ರು ಒಂದು ಕೈ ಬಾಯಿಗೆ ಅಡ್ಡ ಹಿಡಿದು, ಒಳಗೆ ಹಲ್ಲಿನ ಸೆಟ್ಟನ್ನು ನಾಲಿಗೆಯಲ್ಲಿ ಹಿಡಿದಿಟ್ಟುಕೊಳ್ಳುವ ಸಾಹಸದಲ್ಲಿದ್ದಾರೆ. ಪಕ್ಕದ ಮೇಜೂ ಅಗಿಯುತ್ತಿದೆ. ಅದರಾಚೆಯದೂ. ಅಷ್ಟು ಜನ ತುಂಬಿದ ಹೋಟೆಲಿನಲ್ಲಿ ಮಾತೇ ಇಲ್ಲ, ಮೇವು ಹಾಕಿದ ಕೊಟ್ಟಿಗೆಯ ಹಾಗೆ ಬರೀ ದವಡೆಗಳ ಸದ್ದು. ಗೋಡೆಯ ಮೇಲಿನ ಹಸು ಯಾಕೆ ನಗುತ್ತಿದೆ ಅಂತ ಕತ್ತಿಯಕ್ಕನಿಗೆ ಆಗ ಗೊತ್ತಾಯಿತು.

"ಬಹಳ ಮೃದುವಾಗಿದೆ," ಅಂದಳು ತಂಗಿ, ಹೇಗೋ ನುಂಗಿ.

"ಹೂಂ. ಮೃದು," ಅಂದ ಹುಡುಗ.

ಮೇಷ್ಟ್ರು ತಲೆಯಾಡಿಸಿದರು. ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ.

ಕತ್ತಿಯಕ್ಕ ಫೋರ್ಕು ಕೆಳಗಿಟ್ಟಳು. ಹೋಳಿನ ಮೇಲೆ ಹೆಬ್ಬೆರಳಿಟ್ಟು ಎಳೆದಳು. ಗೊತ್ತಿದ್ದದ್ದೇ. ಎಳೆ ಉದ್ದಕ್ಕೆ ಓಡಿತ್ತು, ಕೊಯ್ದವನೂ ಉದ್ದಕ್ಕೇ ಕೊಯ್ದಿದ್ದ. ಮಾಂಸದ ಹಾಗೇ ಎಳೆ ಹೆಣೆಯಲು ಇಷ್ಟೆಲ್ಲ ಕಷ್ಟಪಟ್ಟಿದ್ದಾರೆ, ಮಾಂಸವನ್ನು ಹೇಗೆ ಕೊಯ್ಯಬೇಕು ಅಂತ ಒಬ್ಬನನ್ನೂ ಕೇಳಿಲ್ಲ. ಕೇಳುವುದು ಹೇಗೆ, ಕೊಯ್ಯುವವರ ಹೆಸರೆತ್ತಲೂ ಇಲ್ಲಿ ನಾಚಿಕೆ. ಬೆಳಗ್ಗಿನಿಂದ ನಿಂಬೆಹಣ್ಣು ಉಜ್ಜಿಸಿಕೊಂಡ ಕೈ, ಮೂವತ್ತೊಂದು ವರ್ಷಕ್ಕೆ ತಂಗಿ ಕೊಟ್ಟ ಬಡ್ತಿ, ಲೋಟದಲ್ಲಿ ತೇಲುವ ಸೌತೆಕಾಯಿ, ಎಲ್ಲ ಸಹಿಸಿಕೊಂಡಿದ್ದಳು. ಇದನ್ನು ಸಹಿಸಲು ಅವಳಿಂದ ಆಗಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದು ನಿಂತಳು.

"ಅಕ್ಕಾ, ಎಲ್ಲಿಗೆ?" ತಂಗಿಯ ದನಿ ಸಣ್ಣಗಾಗಿತ್ತು.

"ಬಂದೆ. ಮೇಲ್ವಿಚಾರಣೆ ಮಾಡ್ಕೊಂಡು ಬರ್ತೀನಿ."

ಅಡುಗೆಮನೆಯಲ್ಲಿ ಇದ್ದದ್ದು ಒಬ್ಬನೇ ಅಡುಗೆಯವನು, ದಪ್ಪ ಆಳು, ಬೆವರಿ ತೊಪ್ಪೆಯಾಗಿದ್ದ. ಒಂದು ಒಲೆಯ ಮೇಲೆ ಕಾವಲಿ, ಇನ್ನೊಂದರ ಮೇಲೆ ಕುದಿಯುವ ಹಂಡೆ, ಪಕ್ಕದ ಮೇಜಿನ ಮೇಲೆ ಹಿಂದಕ್ಕೆ ಬಂದ ತಟ್ಟೆಗಳ ರಾಶಿ. ಅರ್ಧ ತಿಂದದ್ದು, ಕಾಲು ತಿಂದದ್ದು, ಅಗಿದು ಕರವಸ್ತ್ರದಲ್ಲಿ ಮುಚ್ಚಿಟ್ಟದ್ದು.

"ಇದನ್ನ ಕೊಯ್ದೋರು ಯಾರಪ್ಪಾ?"

"ನಾನೇ ಅಕ್ಕಾ. ಕೊಯ್ಯೋನು ನಿನ್ನೆ ಕೆಲಸ ಬಿಟ್ಟ. ನನಗೆ ಬೇಯ್ಸೋದು ಗೊತ್ತು, ಕೊಯ್ಯೋದು ಗೊತ್ತಿಲ್ಲ."

"ಯಾಕೆ ಬಿಟ್ಟ?"

ಅವನು ಬೆವರು ಒರೆಸಿಕೊಂಡು ಅವಳ ಕೈ ನೋಡಿದ, ಕಿರುಬೆರಳು ನೋಡಿದ. "ಯಾಕೆ ಬಿಡ್ತಾರೆ, ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ದುಡಿದದ್ದಕ್ಕೆ ಕಾಸು ಸಿಕ್ಕಿರಲಿಕ್ಕಿಲ್ಲ. ಕತ್ತಿಯಕ್ಕ ಕೈತೊಳೆದುಕೊಂಡು ಕತ್ತಿ ಎತ್ತಿದಳು. ಬೆಣ್ಣೆ ಹಚ್ಚಲೂ ಆಗದಷ್ಟು ಮೊಂಡು. ಅವಳ ಕೈಚೀಲದ ತಳದಲ್ಲಿ ಹದಿನೇಳು ಜನ ಮಸೆದ ಕತ್ತಿ ಇತ್ತು. ತೆಗೆಯಲಿಲ್ಲ. ಬೇರೆಯವರ ಬೆಂಚು. ಒಂದು ಪಿಂಗಾಣಿ ತಟ್ಟೆ ತೆಗೆದುಕೊಂಡು ಬೋರಲು ಹಾಕಿದಳು. ತಟ್ಟೆಯ ಅಡಿಯಲ್ಲಿ ಹೊಳಪಿಲ್ಲದ ಒರಟು ಸುತ್ತು ಇರುತ್ತದಲ್ಲ, ಅದರ ಮೇಲೆ ಅಲಗನ್ನು ಆ ಕಡೆ ಇಪ್ಪತ್ತು ಸಲ, ಈ ಕಡೆ ಇಪ್ಪತ್ತು ಸಲ ಎಳೆದಳು. ಅಡುಗೆಯವನು ಸೌಟು ಹಿಡಿದುಕೊಂಡೇ ನಿಂತುಬಿಟ್ಟ. ಕತ್ತಿ ಎತ್ತುವ ಮೊದಲು ಗಡಿಯಾರ ನೋಡುವುದು ಬೆಂಚಿನ ಅಭ್ಯಾಸ. ಗೋಡೆಯ ಗಡಿಯಾರ ಒಂದು ಹತ್ತು ತೋರಿಸುತ್ತಿತ್ತು.

ಅಡುಗೆಯವನಿಗೆ ಕಾಣುವ ಹಾಗೆ ಹೆಬ್ಬೆರಳು ಎಳೆದಳು, ಎಳೆ ನೋಡಿದಳು, ಅಡ್ಡ ಕೊಯ್ದಳು. ತೆಳ್ಳಗೆ, ಸ್ವಲ್ಪ ಓರೆಯಾಗಿ. ಅಡುಗೆಯವನು ಕಾವಲಿಗೆ ಹಾಕಿ ತೆಗೆದು ಒಂದು ಹೋಳು ಬಾಯಿಗಿಟ್ಟುಕೊಂಡ. ಎರಡು ಸಲ ಅಗಿದ. ನುಂಗಿದ. ಇನ್ನೊಂದು ತೆಗೆದುಕೊಂಡ.

"ಅಕ್ಕಾ, ನೀವು ಎಲ್ಲಿದ್ರಿ ಇಷ್ಟು ದಿನ?"

ಮಾಲೀಕ ತಟ್ಟೆ ತಟ್ಟೆಯಾಗಿ ಹಿಂದಕ್ಕೆ ಬರುತ್ತಿದ್ದ ಊಟವನ್ನು ನೋಡಿ ಹೆದರಿ ಒಳಗೆ ಓಡಿಬಂದಿದ್ದ. ತಿಂದ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. "ಅಮ್ಮಾ, ಇನ್ನೊಂದು ಎರಡು ಮೇಜಿಗೆ ಮಾಡಿಕೊಡ್ತೀರಾ? ಎರಡೇ." ಎರಡು ಆಯಿತು. ಆಮೇಲೆ ನಾಲ್ಕು ಅಂದ. ಆಮೇಲೆ ಲೆಕ್ಕ ಹೇಳುವುದನ್ನೇ ಬಿಟ್ಟು ಇನ್ನೂ ಕೊಯ್ಯದ ಸೋಯಾ ಅಚ್ಚುಗಳನ್ನು ತಂದು ತಂದು ಅವಳ ಮುಂದೆ ಇಡತೊಡಗಿದ, ಒಂದೊಂದೂ ಇಟ್ಟಿಗೆಯಷ್ಟು ದೊಡ್ಡದು. ಕತ್ತಿಯಕ್ಕನಿಗೆ ರೇಗಿತು. ರೇಗುತ್ತಲೇ ಕೊಯ್ದಳು. ಇಲ್ಲಿ ತಾನು ಯಾರು ಅಂತ ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಮೇಜಿನ ಹತ್ತಿರ ಹೋಗಿ ಸುಳ್ಳು ನುಂಗುವುದಕ್ಕಿಂತ ಇಲ್ಲಿ ನಿಂತು ಕೊಯ್ಯುವುದು ಅವಳಿಗೆ ಹಗುರವಾಗಿತ್ತು.

ಎರಡೂಮುಕ್ಕಾಲರ ಹೊತ್ತಿಗೆ ಗುಬ್ಬಿ ಬಂದಳು. ಅಡುಗೆಮನೆಯ ಬಾಗಿಲಿಗೆ ದುಂಡಗಿನ ಗಾಜು ಇತ್ತು. ಅದರ ಆಚೆಗೆ ಅವಳು ಬಹಳ ಹೊತ್ತು ನಿಂತಿದ್ದಳು ಅಂತ ಅಡುಗೆಯವನು ಆಮೇಲೆ ಹೇಳಿದ. ಕತ್ತಿಯಕ್ಕ ತಲೆಯೆತ್ತಿದಾಗ ಗಾಜಿಗೆ ಒತ್ತಿದ ಮೂಗು ಕಾಣಿಸಿತು. ಗುಬ್ಬಿ ಬಾಗಿಲು ತಳ್ಳಿ ಒಳಗೆ ಬಂದಳು.

"ದೊಡ್ಡಮ್ಮ, ಎಲ್ಲರೂ ಕಾಯ್ತಿದಾರೆ."

"ಇದೊಂದು ಅಚ್ಚಿದೆ. ಮುಗೀತು."

"ಅವರ ಅಮ್ಮ ಎರಡನೇ ಸಲ ಹಾಕಿಸ್ಕೊಂಡ್ರು. ಯಾರು ಕೊಯ್ದಿದ್ದು ಅಂತ ಕೇಳಿದ್ರು."

"ನೀನೇನಂದೆ?"

ಗುಬ್ಬಿ ಹಿಂದಕ್ಕೆ ಬಂದಿದ್ದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಕತ್ತಿಯಕ್ಕ ಕೊನೆಯ ಹೋಳು ಕೊಯ್ದು, ಕತ್ತಿ ತೊಳೆದು ಒರೆಸಿ, ಎತ್ತಿದ್ದ ಜಾಗದಲ್ಲೇ ಇಟ್ಟು ಗಡಿಯಾರ ನೋಡಿದಳು. ಎರಡು ಐವತ್ತು.

ಮೇಜಿನ ಹತ್ತಿರ ಮಾಲೀಕ ಬಿಲ್ಲು ಹಿಡಿದು ಕಾಯುತ್ತಿದ್ದ. ಅವರು ಬಂದೊಡನೆ ಕೈ ಜೋಡಿಸಿದ. "ಅಮ್ಮನಿಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಇದು ನಮ್ಮ ಕಡೆಯಿಂದ ಒಂದು ಪುಟ್ಟ ನೆನಪು." ಕೊಟ್ಟದ್ದು ಒಂದು ಹಸಿರು ಚೀಟಿ. ಮುಂದಿನ ಸಲ ಬಂದಾಗ ಒಂದು ಸಿಹಿ ಉಚಿತ. "ಇಲ್ಲಿ ನಾವೆಲ್ಲ ಒಂದೇ ಕುಟುಂಬ."

"ಕುಟುಂಬದೋರು ಬೆಳಗ್ಗೇನೇ ನನಗೆ ಬಾಯಿ ಮುಚ್ಚು ಅಂದಿದಾರೆ," ಅಂದಳು ಕತ್ತಿಯಕ್ಕ. "ಇನ್ನೊಂದು ಕುಟುಂಬ ಬೇಡಪ್ಪಾ."

ಹುಡುಗ ಬಿಲ್ಲಿಗೆ ಕೈ ಚಾಚಿದ. ಅದಕ್ಕೂ ಮೊದಲೇ ಗುಬ್ಬಿ ಎತ್ತಿಕೊಂಡಳು. ಕಣ್ಣು ಪರೀಕ್ಷೆ ಮಾಡುವವಳು, ಅತಿ ಸಣ್ಣ ಅಕ್ಷರವನ್ನೂ ಓದುತ್ತಾಳೆ. ಊಟದ ಬೆಲೆಯ ಕೆಳಗೆ ಇನ್ನೊಂದು ಸಾಲಿತ್ತು: ಸೇವಾ ಶುಲ್ಕ.

"ಇದು ಯಾರ ಸೇವೆಗೆ?" ಅಂತ ಕೇಳಿದಳು.

"ಎಲ್ಲ ಮೇಜಿಗೂ ಹಾಕ್ತೀವಿ ಮೇಡಂ. ನಿಯಮ."

"ನಮ್ಮ ದೊಡ್ಡಮ್ಮ ಒಂದು ಗಂಟೆ ನಲವತ್ತು ನಿಮಿಷ ನಿಮ್ಮ ಅಡುಗೆಮನೇಲಿ ನಿಂತು ಇಷ್ಟೂ ಮೇಜಿಗೆ ಕೊಯ್ದಿದಾರೆ. ಅವರ ಕೂಲಿ ಎಷ್ಟು ಕೊಡ್ತೀರಿ?"

ಮಾಲೀಕ ನಕ್ಕ. "ಅಮ್ಮ ಪ್ರೀತಿಯಿಂದ ಮಾಡಿದ್ದು."

"ಸಿಟ್ಟಲ್ಲಿ ಮಾಡಿದ್ದು," ಅಂದಳು ಕತ್ತಿಯಕ್ಕ.

"ಅವರು ಪ್ರೀತಿಯಿಂದ ಮಾಡೋರಲ್ಲ, ಕೂಲಿಗೆ ಮಾಡೋರು," ಅಂದಳು ಗುಬ್ಬಿ. ದನಿ ತಗ್ಗಲಿಲ್ಲ, ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. "ಮೂವತ್ತೊಂದು ವರ್ಷದಿಂದ ಮಾಂಸದ ಕಾರ್ಖಾನೇಲಿ ಕೊಯ್ಯೋ ಕೆಲಸ ಮಾಡ್ತಿದಾರೆ. ಮೇಲ್ವಿಚಾರಕಿ ಅಲ್ಲ. ನನ್ನ ಸಾಕಿದ್ದು, ಓದಿಸಿದ್ದು ಆ ಕೂಲೀಲೇ. ಅಲ್ಲಿ ಗಂಟೆ ಮುರಿದ್ರೂ ಪೂರ್ತಿ ಗಂಟೆ. ಎರಡು ಗಂಟೆ ಆಯ್ತು. ಕೊಡಿ."

ತಂಗಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಹುಡುಗ ಕಕ್ಕಾಬಿಕ್ಕಿಯಾಗಿ ಅಮ್ಮನ ಮುಖ ನೋಡಿದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು, ಮತ್ತೆ ಸರಿಮಾಡಿಕೊಂಡರು. ಮೇಷ್ಟ್ರ ಹೆಂಡತಿ ತಮ್ಮ ಖಾಲಿ ತಟ್ಟೆಯನ್ನು ಒಂದಿಷ್ಟು ದೂರ ಸರಿಸಿದರು.

"ಮಾಂಸಾನಾ?"

"ಹೌದು," ಅಂದಳು ಕತ್ತಿಯಕ್ಕ.

"ಈಗ ಒಳಗೆ ಯಾವ ಕತ್ತೀಲಿ ಕೊಯ್ದ್ರಿ?"

"ಅವರದೇ. ಬೇರೆಯವರ ಬೆಂಚಲ್ಲಿ ನಮ್ಮ ಕತ್ತಿ ತೆಗೆಯಲ್ಲ ನಾವು." ಹೇಗೂ ಎಲ್ಲ ಹೊರಬಿದ್ದಾಗಿತ್ತು. ಕತ್ತಿಯಕ್ಕ ಕೈಚೀಲದ ತಳದಿಂದ ಗಂಟು ತೆಗೆದು ಮೇಜಿನ ಮೇಲಿಟ್ಟು ದಾರ ಬಿಚ್ಚಿದಳು. "ಇದು ಗುಬ್ಬಿಗೆ, ಬೆಂಚಿಂದ. ಮದುವೆಗೆ ಕೊಡೋದು ನಮ್ಮಲ್ಲಿ ರೂಢಿ. ಹಳೇ ಕತ್ತೀಲಿ ಮಾಡ್ತೀವಿ. ನಿಮ್ಮನೆಗೆ ಹೋಗೋದು ಅಂತ ಇದನ್ನ ಹೊಸ ಅಲಗಲ್ಲಿ ಮಾಡಿದ್ದು. ಏನೂ ಮುಟ್ಟಿಸಿಲ್ಲ. ಅದಕ್ಕೆ ಎರಡು ದಿನ ಜಗಳ ಆಯ್ತು ನಮ್ಮಲ್ಲಿ. ಇದನ್ನ ಬೆಳಗ್ಗಿಂದ ಹೇಳ್ಬೇಕು ಅಂತಿದೀನಿ, ಯಾರೂ ಕೇಳಿಸ್ಕೊಳ್ಳಲಿಲ್ಲ."

ತಂಗಿ ಕರವಸ್ತ್ರ ಇಳಿಸಿ ನೋಡಿದಳು. ಗುಬ್ಬಿ ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಮೇಷ್ಟ್ರ ಹೆಂಡತಿ ಕೈ ಚಾಚಿ ಅವಳಿಂದ ಅದನ್ನು ತೆಗೆದುಕೊಂಡು, ಅಲಗಿಗೆ ಅಡ್ಡಲಾಗಿ ಹೆಬ್ಬೆರಳು ಸೋಕಿಸಿ ನೋಡಿದರು. ಕೆಲಸ ಮಾಡುವ ಹೆಂಗಸು ನೋಡುವ ರೀತಿ ಅದು.

"ನಮ್ಮನೇಲಿರೋ ಕತ್ತಿ ಟೊಮೇಟೊನೂ ಕೊಯ್ಯಲ್ಲ," ಅಂದರು. ಆಮೇಲೆ ಕತ್ತಿಯಕ್ಕನ ಕಣ್ಣನ್ನೇ ನೋಡಿ, "ನಿಮ್ಮ ಕೆಲಸ ನನಗೆ ಹಿಡಿಸಲ್ಲ. ಮುಖದ ಮೇಲೇ ಹೇಳ್ತಿದೀನಿ, ಬೇಜಾರಾಗ್ಬೇಡಿ."

"ಹೇಳಿ. ಅಡ್ಡಿಯಿಲ್ಲ," ಅಂದಳು ಕತ್ತಿಯಕ್ಕ. "ಹೇಳದೇ ಇರೋರ ಜೊತೆ ಬೆಳಗ್ಗಿಂದ ಸಾಕಾಗಿದೆ."

"ಅದಿರ್ಲಿ. ನೀನು ಇವರ ಕೂಲಿ ಯಾಕೆ ಕೊಡ್ತಿಲ್ಲ?" ಮೇಷ್ಟ್ರ ಹೆಂಡತಿ ಮಾಲೀಕನ ಕಡೆ ತಿರುಗಿದರು. ಕತ್ತಿ ಇನ್ನೂ ಅವರ ಕೈಯಲ್ಲೇ ಇತ್ತು. ಅವರಿಗೆ ಅದರ ಕಡೆ ಗಮನವಿರಲಿಲ್ಲ, ಮಾಲೀಕನಿಗಿತ್ತು.

ಮಾಲೀಕ ಎರಡು ಹೆಜ್ಜೆ ಹಿಂದೆ ಸರಿದ. ಇವತ್ತು ಗಲ್ಲಾದಲ್ಲಿ ಚಿಲ್ಲರೆ ಸಮಸ್ಯೆ ಅಂದ, ಪಾಲುದಾರನನ್ನು ಕೇಳಬೇಕು ಅಂದ, ವಿಳಾಸ ಬರೆದುಕೊಡಿ, ವಾರದೊಳಗೆ ಕಳಿಸುತ್ತೇನೆ ಅಂದ. ಗುಬ್ಬಿ ವಿಳಾಸ ಬರೆದಳು, ಬಿಲ್ಲಿನಲ್ಲಿ ಸೇವಾ ಶುಲ್ಕದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ ಉಳಿದದ್ದನ್ನು ಕೊಟ್ಟಳು. ಮನೆಗೆ ಬಂದು ತಂಗಿ ಚಪ್ಪಲಿ ಬಿಡುತ್ತ, "ಹೊಸ ಅಲಗು ಅಂತ ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ," ಅಂದಳು. ಕತ್ತಿಯಕ್ಕ ಮೆಟ್ಟಿಲ ಮೇಲೆ ಕೂತು ಹಣೆ ಚಚ್ಚಿಕೊಂಡಳು.

ಇದಾಗಿ ಏಳು ತಿಂಗಳಾಯಿತು. ಮದುವೆ ಆಯಿತು. ಕತ್ತಿ ಈಗ ಮೇಷ್ಟ್ರ ಮನೆಯ ಅಡುಗೆಮನೆಯಲ್ಲಿ ಟೊಮೇಟೊ ಕೊಯ್ಯುತ್ತಿದೆ. ಮೇಷ್ಟ್ರ ಹೆಂಡತಿ ಅದನ್ನು ಸೊಸೆಗೂ ಸುಲಭವಾಗಿ ಕೊಡುವುದಿಲ್ಲವಂತೆ. ಕೂಲಿ ಮಾತ್ರ ಬಂದಿಲ್ಲ. ಕತ್ತಿಯಕ್ಕ ಎರಡು ಸಲ ಕಾಗದ ಬರೆದಳು, ಗುಬ್ಬಿ ನಾಲ್ಕು ಸಲ ಹೋಗಿ ಕೇಳಿದಳು. ಪಾಲುದಾರ ಊರಲ್ಲಿಲ್ಲ ಅನ್ನುವ ಉತ್ತರ ಬಂತು. ಆದರೆ ತಿಂಡಿಪಟ್ಟಿಯಲ್ಲಿ ಹೊಸದೊಂದು ಸಾಲು ಬಂದಿದೆ ಅಂತ ಆ ಅಡುಗೆಯವನೇ ಫೋನು ಮಾಡಿ ಹೇಳಿದ. 'ಕೈಯಿಂದ ಅಡ್ಡ ಕೊಯ್ದ ವಿಶೇಷ.' ಬೆಲೆ ಮೊದಲಿನದಕ್ಕಿಂತ ಒಂದೂವರೆ ಪಟ್ಟು.

ಅಂಥ ಹೋಟೆಲಿಗೆ ನೀವೂ ಹೋಗುತ್ತೀರಿ. ಹೋಗಿ, ಬೇಡ ಅನ್ನುವವರು ಯಾರು? ಗಿಡದ್ದೇ ತಿನ್ನಿ, ಹೊಟ್ಟೆ ತುಂಬ ತಿನ್ನಿ. ಬಾಯಲ್ಲಿಟ್ಟ ಹೋಳು ಎರಡೇ ಸಲಕ್ಕೆ ಕರಗಿದರೆ ಮಾತ್ರ, ಬಿಲ್ಲಿಗೆ ಕೈ ಹಾಕುವ ಮೊದಲು ಮಾಲೀಕನನ್ನು ಮೇಜಿಗೆ ಕರೆಯಿರಿ. ಇದನ್ನು ಕೊಯ್ಯಲು ಕಲಿಸಿದವಳ ಎರಡು ಗಂಟೆ ಕೊಟ್ಟಾಯಿತೇ, ಈಗ ಒಳಗೆ ನಿಂತು ಕೊಯ್ಯುತ್ತಿರುವವನ ತಿಂಗಳ ಸಂಬಳ ಕೊಟ್ಟಾಯಿತೇ ಅಂತ, ಪಕ್ಕದ ಮೇಜಿಗೂ ಕೇಳುವ ಹಾಗೆ ಕೇಳಿ. ಕೊಟ್ಟ ರಸೀದಿ ತೋರಿಸುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.